ನಡವಳಿಗೆ ಇಳಿಯುವ ಮಾತು: ಸಭೆಗಳಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಪರಿಣಾಮಕಾರಿ ಸಂವಹನ

ಗ್ರಾಮ ಪಂಚಾಯಿತಿಯ ಆಡಳಿತವು ಬಹುಮಟ್ಟಿಗೆ ಮಾತಿನಿಂದ ಆರಂಭವಾಗುತ್ತದೆ. ಅರ್ಜಿ, ಅಂದಾಜು ಪಟ್ಟಿ, ಕ್ರಿಯಾ ಯೋಜನೆ, ಕಾರ್ಯಾದೇಶ ಇವೆಲ್ಲವೂ ಕಾಗದದ ಮೇಲೆ ಇರುವಂಥವು. ಆದರೆ ಅವುಗಳಿಗೆ ಮೊದಲು ಯಾರೋ ಒಬ್ಬರು ಸಭೆಯಲ್ಲಿ ಎದ್ದು ನಿಂತು, "ಇಂಥ ಕಡೆ ಇಂಥ ತೊಂದರೆ ಇದೆ" ಎಂದು ಹೇಳಿರುತ್ತಾರೆ. ರಾಜ್ಯದಲ್ಲಿ ಸಾಮಾನ್ಯವಾಗಿ 400 ಜನಸಂಖ್ಯೆಗೆ ಒಬ್ಬರಂತೆ ಗ್ರಾಮ ಪಂಚಾಯಿತಿ ಸದಸ್ಯರು ಆಯ್ಕೆಯಾಗುತ್ತಾರೆ. ಆದ್ದರಿಂದ ಸಭೆಯಲ್ಲಿ ಒಬ್ಬ ಸದಸ್ಯರು ಆಡುವ ಮಾತು ಅವರೊಬ್ಬರ ಮಾತಲ್ಲ. ಸುಮಾರು 400 ಜನರ ಪರವಾಗಿ ಆಡಿದ ಮಾತು. ಆ ಮಾತು ಅಸ್ಪಷ್ಟವಾದರೆ ನಷ್ಟವಾಗುವುದು ಸದಸ್ಯರಿಗಿಂತ ಹೆಚ್ಚಾಗಿ ಆ ಜನರಿಗೆ.

ಉತ್ತಮ ಮಾತುಗಾರಿಕೆ ಎಂದರೆ ವೇದಿಕೆಯ ಭಾಷಣ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಪಂಚಾಯಿತಿ ಸಭೆಯಲ್ಲಿ ಬೇಕಾಗುವ ಮಾತು ಅದಲ್ಲ. ಇಲ್ಲಿ ಮಾತಿನ ಯಶಸ್ಸನ್ನು ಅಳೆಯಲು ಒಂದೇ ಅಳತೆಗೋಲು ಸಾಕು: ಆಡಿದ ಮಾತು ಸಭಾ ನಡವಳಿಯಲ್ಲಿ ಒಂದು ನಿರ್ಣಯವಾಗಿ ದಾಖಲಾಯಿತೇ, ಮತ್ತು ಆ ನಿರ್ಣಯವನ್ನು ಓದಿದವರಿಗೆ ಯಾರು ಏನು ಮಾಡಬೇಕೆಂದು ತಿಳಿಯುತ್ತದೆಯೇ? ಈ ಲೇಖನವು ಅಂತಹ ಮಾತನ್ನು ರೂಢಿಸಿಕೊಳ್ಳುವ ಕ್ರಮವನ್ನು ವಿವರಿಸುತ್ತದೆ.

1. ಮಾತು ಎಲ್ಲಿ ಕಳೆದುಹೋಗುತ್ತದೆ?

ಒಂದು ಸಾಮಾನ್ಯ ಸಭೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಬೇಸಿಗೆಯ ಆರಂಭ. ಕುಡಿಯುವ ನೀರಿನ ವಿಷಯ ಚರ್ಚೆಗೆ ಬಂದಿದೆ. ಒಬ್ಬ ಸದಸ್ಯರು ಹೀಗೆನ್ನುತ್ತಾರೆ: "ನಮ್ಮ ವಾರ್ಡಿಗೆ ನೀರೇ ಬರ್ತಿಲ್ಲ. ಎಷ್ಟು ಸಲ ಹೇಳಿದ್ರೂ ಯಾರೂ ಕೇಳೋರಿಲ್ಲ. ಜನ ನಮ್ಮನ್ನ ಬೈತಾರೆ." ಕೂಡಲೇ ಇನ್ನೊಬ್ಬರು, "ನಮ್ಮ ಕಡೆಗೂ ಬರ್ತಿಲ್ಲ" ಎನ್ನುತ್ತಾರೆ. ಮೂರನೆಯವರು ಹಿಂದಿನ ಅವಧಿಯ ಕೊಳವೆಬಾವಿಯ ಮಾತೆತ್ತುತ್ತಾರೆ. ಹತ್ತು ನಿಮಿಷ ಗದ್ದಲವಾಗಿ, ಕೊನೆಗೆ ಅಧ್ಯಕ್ಷರು, "ಆಯ್ತು, ನೀರುಗಂಟಿಗೆ ಹೇಳೋಣ" ಎಂದು ಮುಂದಿನ ವಿಷಯಕ್ಕೆ ಹೋಗುತ್ತಾರೆ.

ನಡವಳಿಯಲ್ಲಿ ಬರೆಯಲ್ಪಡುವುದು ಹೀಗೆ: "ಕುಡಿಯುವ ನೀರಿನ ಸಮಸ್ಯೆಯ ಕುರಿತು ಸುದೀರ್ಘವಾಗಿ ಚರ್ಚಿಸಿ, ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು."

ಈ ವಾಕ್ಯದಲ್ಲಿ ಸುಳ್ಳೇನೂ ಇಲ್ಲ. ಆದರೆ ಇದರಲ್ಲಿ ಯಾರಿಗೂ ಕೆಲಸವೂ ಇಲ್ಲ. ಯಾವ ಬೀದಿ, ಎಷ್ಟು ಮನೆ, ಯಾವ ದೋಷ, ಯಾರು ಸರಿಪಡಿಸಬೇಕು, ಯಾವ ದಿನದೊಳಗೆ ಎಂಬುದು ಇಲ್ಲದ ಕಾರಣ ಮುಂದಿನ ಸಭೆಯ ಅನುಪಾಲನಾ ವರದಿಯಲ್ಲಿ ಹೇಳಲು ಏನೂ ಇರುವುದಿಲ್ಲ. ಮುಂದಿನ ಸಭೆಯಲ್ಲಿ ಅದೇ ಸದಸ್ಯರು ಅದೇ ಮಾತನ್ನು ಇನ್ನಷ್ಟು ಕೋಪದಿಂದ ಹೇಳುತ್ತಾರೆ. ಅದೇ ವಾಕ್ಯ ಮತ್ತೊಮ್ಮೆ ನಡವಳಿಗೆ ಬರುತ್ತದೆ. ಅಷ್ಟರಲ್ಲಿ ಬೇಸಿಗೆ ಮುಗಿಯುತ್ತದೆ. ಆ ಬೀದಿಯ ಹೆಣ್ಣುಮಕ್ಕಳು ಅಷ್ಟೂ ದಿನ ದೂರದಿಂದ ನೀರು ಹೊತ್ತಿರುತ್ತಾರೆ.

ಅದೇ ಸದಸ್ಯರು ಈ ರೀತಿ ಹೇಳಿದ್ದರೆ ಏನಾಗುತ್ತಿತ್ತು ಎಂಬುದನ್ನು ಗಮನಿಸಬೇಕು: "ಅಧ್ಯಕ್ಷರೇ, ಎರಡನೇ ವಾರ್ಡಿನ ಗುಡಿ ಬೀದಿಯಲ್ಲಿ 22 ಮನೆ ಇವೆ. ಕೊನೆಯ 9 ಮನೆಗೆ ಫೆಬ್ರವರಿ ಮೊದಲ ವಾರದಿಂದ ನೀರು ಸರಿಯಾಗಿ ಬರ್ತಿಲ್ಲ. ಅರ್ಧ ಗಂಟೆ ಮಾತ್ರ ಬರುತ್ತೆ, ಒಂದು ಕೊಡ ತುಂಬೋಕೆ ಐದು ನಿಮಿಷ ಬೇಕು. ಗುಡಿ ಹತ್ತಿರದ ವಾಲ್ವ್ ಪೂರ್ತಿ ತೆರೆಯೋಕೆ ಆಗ್ತಿಲ್ಲ ಅಂತ ನೀರುಗಂಟಿ ಹೇಳಿದ್ದಾರೆ. ಆ ವಾಲ್ವ್ ಬದಲಾಯಿಸಬೇಕು. ಅಲ್ಲಿವರೆಗೆ ಆ 9 ಮನೆಗೆ ದಿನ ಬಿಟ್ಟು ದಿನ ಟ್ಯಾಂಕರ್ ನೀರು ಕೊಡಬೇಕು."

ಈ ಮಾತು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಇದರಲ್ಲಿ ಕೋಪವಿಲ್ಲ, ಅಲಂಕಾರವಿಲ್ಲ. ಆದರೆ ಇದನ್ನು ಕೇಳಿದ ಮೇಲೆ "ಸೂಕ್ತ ಕ್ರಮ" ಎಂದು ಬರೆಯಲು ಯಾರಿಗೂ ಸಾಧ್ಯವಿಲ್ಲ. ನಿರ್ಣಯವು ತಾನಾಗಿಯೇ ರೂಪುಗೊಳ್ಳುತ್ತದೆ: "2ನೇ ವಾರ್ಡಿನ ಗುಡಿ ಬೀದಿಯ ವಾಲ್ವನ್ನು ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ 10 ದಿನಗಳೊಳಗೆ ಬದಲಾಯಿಸಲು ಕಾರ್ಯದರ್ಶಿಯವರಿಗೆ ಸೂಚಿಸಲಾಯಿತು. ಅಲ್ಲಿಯವರೆಗೆ 9 ಮನೆಗಳಿಗೆ ದಿನ ಬಿಟ್ಟು ದಿನ ಟ್ಯಾಂಕರ್ ಮೂಲಕ ನೀರು ಪೂರೈಸುವುದು. ಮುಂದಿನ ಸಭೆಗೆ ಅನುಪಾಲನಾ ವರದಿ ಮಂಡಿಸುವುದು."

2. ಮಾತಿನ ಐದು ಅಂಗಗಳು

ಮೇಲಿನ ಎರಡನೆಯ ಮಾತಿನಲ್ಲಿ ಇರುವುದು ಐದು ಪ್ರಶ್ನೆಗಳಿಗೆ ಉತ್ತರ.

ಎಲ್ಲಿ? ಗ್ರಾಮ, ವಾರ್ಡ್, ಬೀದಿ, ಗುರುತಿನ ಸ್ಥಳ. "ನಮ್ಮ ಕಡೆ" ಎಂಬುದು ಸ್ಥಳವಲ್ಲ.

ಎಷ್ಟು? ಮನೆಗಳ ಸಂಖ್ಯೆ, ಉದ್ದ, ಮೊತ್ತ, ಜನ. "ತುಂಬಾ", "ಎಲ್ಲರಿಗೂ", "ಯಾವಾಗಲೂ" ಎಂಬ ಪದಗಳ ಬದಲು ಒಂದು ಅಂಕಿ ಇದ್ದರೆ ಮಾತಿನ ತೂಕ ಹೆಚ್ಚುತ್ತದೆ.

ಎಂದಿನಿಂದ? ತೊಂದರೆ ಆರಂಭವಾದ ದಿನ ತಿಳಿದರೆ ಕಾರಣವನ್ನು ಹುಡುಕುವುದು ಸುಲಭ. ಬೀದಿಯಲ್ಲಿ ಹೊಸ ಚರಂಡಿ ತೋಡಿದ ವಾರದಿಂದಲೇ ನೀರು ನಿಂತಿದ್ದರೆ ಕೊಳವೆ ಒಡೆದಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಬಹುದು.

ಏನಾಗಬೇಕು? ತೊಂದರೆಯನ್ನು ಹೇಳುವುದು ಒಂದು, ಕೋರಿಕೆಯನ್ನು ಮುಂದಿಡುವುದು ಮತ್ತೊಂದು. ಹಲವು ಸದಸ್ಯರ ಮಾತು ಮೊದಲನೆಯದರಲ್ಲಿಯೇ ನಿಂತುಬಿಡುತ್ತದೆ. ಸಭೆಯು ನಿರ್ಣಯಿಸಬಲ್ಲದ್ದು ಕೋರಿಕೆಯನ್ನು ಮಾತ್ರ.

ಯಾರು, ಯಾವಾಗ? ಜವಾಬ್ದಾರಿ ಮತ್ತು ದಿನಾಂಕ. ಇದನ್ನು ಸದಸ್ಯರೇ ನಿರ್ಧರಿಸಬೇಕಾಗಿಲ್ಲ. "ಇದನ್ನು ಯಾರು ಮಾಡ್ತಾರೆ, ಎಂದಿನೊಳಗೆ ಆಗುತ್ತೆ ಅಂತ ನಡವಳಿಯಲ್ಲಿ ಬರೀಬೇಕು" ಎಂದು ಕೇಳಿದರೆ ಸಾಕು.

ಈ ಐದು ಅಂಗಗಳನ್ನು ಕಂಠಪಾಠ ಮಾಡುವ ಅಗತ್ಯವಿಲ್ಲ. ಒಂದು ಚೀಟಿಯಲ್ಲಿ ಐದು ಸಾಲು ಬರೆದುಕೊಂಡು ಸಭೆಗೆ ಬಂದರೆ ಆಯಿತು. ಚೀಟಿ ನೋಡಿ ಮಾತನಾಡುವುದು ಅವಮಾನದ ಸಂಗತಿಯಲ್ಲ; ವಿಧಾನಸಭೆಯಲ್ಲಿ ಆಯವ್ಯಯ ಮಂಡಿಸುವವರೂ ಬರೆದುದನ್ನೇ ಓದುತ್ತಾರೆ.

3. ಸಭೆಗೆ ಮುನ್ನದ ಸಿದ್ಧತೆ

ಸಭೆಯ ಸೂಚನಾಪತ್ರದೊಂದಿಗೆ ಬರುವ ಕಾರ್ಯಸೂಚಿಯನ್ನು ಓದುವುದು ಸಿದ್ಧತೆಯ ಮೊದಲ ಹೆಜ್ಜೆ. ತಮ್ಮ ವಿಷಯವು ಕಾರ್ಯಸೂಚಿಯಲ್ಲಿ ಇಲ್ಲದಿದ್ದರೆ, ಅದನ್ನು ಸೇರಿಸುವಂತೆ ಅಧ್ಯಕ್ಷರಿಗೆ ಮುಂಚಿತವಾಗಿ ಲಿಖಿತವಾಗಿ ಕೋರುವುದು ಒಳ್ಳೆಯದು. "ಅಧ್ಯಕ್ಷರ ಅನುಮತಿಯಿಂದ ಇತರೆ ವಿಷಯಗಳು" ಎಂಬ ಕೊನೆಯ ಬಾಬಿಗೆ ಕಾಯುವ ವಿಷಯಗಳಿಗೆ ಸಮಯ ಉಳಿಯುವುದು ಕಡಿಮೆ. ಆ ಹೊತ್ತಿಗೆ ಸದಸ್ಯರಲ್ಲಿ ಅರ್ಧದಷ್ಟು ಜನ ಎದ್ದು ಹೋಗಿರುವುದೂ ಉಂಟು.

ಎರಡನೆಯ ಹೆಜ್ಜೆ, ಸ್ಥಳಕ್ಕೆ ಹೋಗಿ ನೋಡುವುದು ಮತ್ತು ಸಾಧ್ಯವಿದ್ದಲ್ಲಿ ಅಳೆಯುವುದು. ಅಳತೆಗೆ ದೊಡ್ಡ ಉಪಕರಣ ಬೇಕಾಗಿಲ್ಲ. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಒದಗಿಸಬೇಕೆಂಬ ಮಾನದಂಡವಿದೆ. ಐದು ಜನರಿರುವ ಮನೆಗೆ ಇದು 275 ಲೀಟರ್ ಆಗುತ್ತದೆ. 15 ಲೀಟರಿನ ಕೊಡ ತುಂಬಲು ಐದು ನಿಮಿಷ ಹಿಡಿದರೆ, ಆ ಕೊಳಾಯಿಯಲ್ಲಿ ನಿಮಿಷಕ್ಕೆ 3 ಲೀಟರ್ ನೀರು ಬರುತ್ತಿದೆ ಎಂದರ್ಥ. ಅರ್ಧ ಗಂಟೆಯಲ್ಲಿ ಸಿಗುವುದು 90 ಲೀಟರ್. ಅಂದರೆ ಆ ಮನೆಗೆ ಸಿಗಬೇಕಾದ ನೀರಿನ ಮೂರನೇ ಒಂದು ಭಾಗವೂ ಸಿಗುತ್ತಿಲ್ಲ. ಒಂದು ಕೊಡ ಮತ್ತು ಒಂದು ಗಡಿಯಾರದಿಂದ ದೊರೆತ ಈ ಲೆಕ್ಕವನ್ನು ಸಭೆಯಲ್ಲಿ ಹೇಳಿದರೆ, "ನೀರು ಬರ್ತಾ ಇದೆಯಲ್ಲ" ಎಂಬ ಉತ್ತರಕ್ಕೆ ಅವಕಾಶವಿರುವುದಿಲ್ಲ.

ಮೂರನೆಯ ಹೆಜ್ಜೆ, ಸಂಬಂಧಪಟ್ಟ ಸಿಬ್ಬಂದಿಯನ್ನು ಮೊದಲೇ ವಿಚಾರಿಸುವುದು. ನೀರುಗಂಟಿ, ಕರವಸೂಲಿಗಾರ, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಇವರಿಗೆ ತಿಳಿದಿರುವ ಸಂಗತಿಗಳು ಕಡತದಲ್ಲಿ ಇರುವುದಿಲ್ಲ. ಅವರ ತಪ್ಪನ್ನು ಸಭೆಯಲ್ಲಿ ಎತ್ತಿ ತೋರಿಸುವುದಕ್ಕಿಂತ, ಅವರಿಂದ ಕಾರಣ ತಿಳಿದುಕೊಂಡು ಸಭೆಯಲ್ಲಿ ಪರಿಹಾರ ಕೇಳುವುದು ಹೆಚ್ಚು ಫಲಕಾರಿ.

4. ಸಭೆಯೊಳಗಿನ ಮಾತು

ಸಭೆಯಲ್ಲಿ ಎಲ್ಲ ಮಾತೂ ಅಧ್ಯಕ್ಷರನ್ನು ಉದ್ದೇಶಿಸಿ ಇರಬೇಕೆಂಬುದು ಕೇವಲ ಶಿಷ್ಟಾಚಾರವಲ್ಲ. ಇಬ್ಬರು ಸದಸ್ಯರು ನೇರವಾಗಿ ಒಬ್ಬರಿಗೊಬ್ಬರು ಮಾತಿಗೆ ಮಾತು ಬೆಳೆಸಿದಾಗ ವಿಷಯ ಹಿಂದೆ ಸರಿದು ವ್ಯಕ್ತಿಗಳು ಮುಂದೆ ಬರುತ್ತಾರೆ. "ಅಧ್ಯಕ್ಷರೇ" ಎಂದು ಆರಂಭಿಸಿದಾಗ ಮಾತಿಗೆ ಒಂದು ಅಂತರ ಒದಗುತ್ತದೆ. ಆ ಅಂತರವೇ ಜಗಳವನ್ನು ತಡೆಯುತ್ತದೆ.

ಒಂದು ಬಾರಿಗೆ ಒಂದೇ ವಿಷಯವನ್ನು ಹೇಳಬೇಕು. ನೀರು, ಬೀದಿದೀಪ, ಚರಂಡಿ, ಸ್ಮಶಾನದ ದಾರಿ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಕೇಳುವವರ ಮನಸ್ಸಿನಲ್ಲಿ ಉಳಿಯುವುದು ಕೊನೆಯದು ಮಾತ್ರ. ಕೋರಿಕೆಯನ್ನು ಮೊದಲು ಹೇಳಿ ಕಾರಣಗಳನ್ನು ನಂತರ ಹೇಳುವ ಅಭ್ಯಾಸವೂ ಉಪಯುಕ್ತ. "ಗುಡಿ ಬೀದಿಯ ವಾಲ್ವ್ ಬದಲಾಯಿಸಬೇಕು ಅಂತ ಕೇಳ್ತಾ ಇದ್ದೀನಿ, ಕಾರಣ ಹೇಳ್ತೀನಿ" ಎಂದು ಆರಂಭಿಸಿದರೆ, ಮಧ್ಯದಲ್ಲಿ ಯಾರಾದರೂ ಮಾತು ಕತ್ತರಿಸಿದರೂ ಮುಖ್ಯವಾದುದು ಸಭೆಗೆ ತಲುಪಿರುತ್ತದೆ.

ಭಿನ್ನಾಭಿಪ್ರಾಯವನ್ನು ವ್ಯಕ್ತಪಡಿಸುವ ರೀತಿಗೂ ಎಚ್ಚರ ಬೇಕು. ಕ್ರಿಯಾ ಯೋಜನೆಯ ಚರ್ಚೆಯಲ್ಲಿ "ನೀವು ಎಲ್ಲಾ ಕಾಮಗಾರಿ ನಿಮ್ಮ ಬೀದಿಗೇ ಹಾಕ್ಕೊಂಡ್ರಿ" ಎಂದರೆ ಅದು ಆರೋಪ. ಅದಕ್ಕೆ ಪ್ರತ್ಯಾರೋಪವೇ ಉತ್ತರ. "ಅಧ್ಯಕ್ಷರೇ, ಕಳೆದ ಎರಡು ವರ್ಷದ ಕ್ರಿಯಾ ಯೋಜನೆ ನೋಡಿದ್ದೀನಿ. ನಾಲ್ಕನೇ ವಾರ್ಡಿಗೆ ಒಂದೂ ಚರಂಡಿ ಕಾಮಗಾರಿ ಸೇರಿಲ್ಲ. ಈ ಸಲ ಯಾವ ಆಧಾರದ ಮೇಲೆ ಆಯ್ಕೆ ಮಾಡ್ತಿದ್ದೀವಿ ಅಂತ ತಿಳಿಸಬೇಕು" ಎಂದರೆ ಅದು ಪ್ರಶ್ನೆ; ಅದಕ್ಕೆ ದಾಖಲೆಯೇ ಉತ್ತರವಾಗಬೇಕು. ಎರಡರಲ್ಲಿಯೂ ಅಸಮಾಧಾನ ಒಂದೇ. ಮೊದಲನೆಯದು ಗದ್ದಲದಲ್ಲಿ ಮುಗಿಯುತ್ತದೆ, ಎರಡನೆಯದು ಕಡತವನ್ನು ತೆರೆಸುತ್ತದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ತಾತ್ಪರ್ಯ ಸುಮ್ಮನಿರಬೇಕು ಎಂಬುದಲ್ಲ. ಕೇಳಬೇಕಾದುದನ್ನು ಕೇಳಲು ಬರಬೇಕು ಎಂಬುದು.

ವಿಷಯ ಮುಗಿಯುವ ಮುನ್ನ ನಿರ್ಣಯವನ್ನು ಗಟ್ಟಿಯಾಗಿ ಓದಿಸುವುದು ಅತ್ಯಂತ ಮುಖ್ಯವಾದ ಅಭ್ಯಾಸ. "ಈಗ ಏನು ತೀರ್ಮಾನ ಆಯ್ತು, ಒಮ್ಮೆ ಓದಿ ಹೇಳಿ" ಎಂದು ಯಾವ ಸದಸ್ಯರಾದರೂ ಕೇಳಬಹುದು. ಓದಿದಾಗ ತಪ್ಪು ಕಂಡುಬಂದರೆ ಅಲ್ಲಿಯೇ ತಿದ್ದಿಸಬಹುದು. ನಿರ್ಣಯವನ್ನು ಒಪ್ಪದಿದ್ದಲ್ಲಿ ತಮ್ಮ ಭಿನ್ನಾಭಿಪ್ರಾಯವನ್ನು ನಡವಳಿಯಲ್ಲಿ ದಾಖಲಿಸುವಂತೆ ಕೋರಬಹುದು. ಸಭೆ ಮುಗಿದು, ಸಹಿಯಾಗಿ, ತಿಂಗಳು ಕಳೆದ ಮೇಲೆ "ನಾನು ಹಾಗೆ ಹೇಳಿರಲಿಲ್ಲ" ಎನ್ನುವುದರಿಂದ ಪ್ರಯೋಜನವಿಲ್ಲ.

5. "ನೋಡೋಣ" ಎಂಬ ಪದದ ಅಪಾಯ

ಸದಸ್ಯರ ಮಾತು ಸಭಾಂಗಣದೊಳಗೆ ಮುಗಿಯುವುದಿಲ್ಲ. ಮನೆಯ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆ ಮನೆಯಲ್ಲಿ ಜನರು ಕೇಳುತ್ತಲೇ ಇರುತ್ತಾರೆ. ಅಲ್ಲಿ ಹೆಚ್ಚಾಗಿ ಬಳಕೆಯಾಗುವ ಉತ್ತರ "ನೋಡೋಣ". ಹೇಳುವವರ ಮನಸ್ಸಿನಲ್ಲಿ ಅದು ನಯವಾದ ನಿರಾಕರಣೆ. ಕೇಳುವವರ ಕಿವಿಗೆ ಅದು ಭರವಸೆ. "ಆಗುತ್ತೆ ಬಿಡಿ", "ಮೇಲಕ್ಕೆ ಕಳಿಸಿದ್ದೀವಿ" ಎಂಬ ಉತ್ತರಗಳೂ ಇದೇ ಬಗೆಯವು.

ವಸತಿ ಯೋಜನೆಯ ಸಂದರ್ಭದಲ್ಲಿ ಇದರ ಪರಿಣಾಮ ಗಂಭೀರವಾಗಬಲ್ಲದು. ಪಟ್ಟಿಯಲ್ಲಿ ಹೆಸರಿಲ್ಲದ ಒಬ್ಬ ವೃದ್ಧೆಗೆ "ನೋಡೋಣ ಅಜ್ಜಿ, ಮಾಡಿಸಿಕೊಡ್ತೀನಿ" ಎಂದು ಹೇಳಿದರೆ, ಆಕೆ ಅದನ್ನು ನಂಬಿ ಇದ್ದ ಹಳೆಯ ಮನೆಯ ಹೆಂಚು ಇಳಿಸಬಹುದು, ಸಾಲ ಮಾಡಿ ಬುನಾದಿ ಹಾಕಿಸಬಹುದು. ಕಾರ್ಯಾದೇಶವಿಲ್ಲದೆ ಆರಂಭಿಸಿದ ಕಟ್ಟಡಕ್ಕೆ ಕಂತು ಬರುವುದಿಲ್ಲ. ಅಷ್ಟರಲ್ಲಿ ಮಳೆಗಾಲ ಬಂದಿರುತ್ತದೆ. ಸದಸ್ಯರು ಆಡಿದ್ದು ಎರಡೇ ಪದ, ಅದೂ ಆಕೆಯ ಮನಸ್ಸು ನೋಯಬಾರದೆಂಬ ಸದುದ್ದೇಶದಿಂದ.

ಅಲ್ಲಿ ಹೇಳಬೇಕಾದುದು: "ಅಜ್ಜಿ, ಈ ಸಲದ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ. ಮುಂದಿನ ಸಲ ಸರ್ಕಾರದಿಂದ ಮನೆ ಮಂಜೂರಾದಾಗ ಗ್ರಾಮ ಸಭೆಯಲ್ಲಿ ಆಯ್ಕೆ ಮಾಡ್ತಾರೆ. ಆವತ್ತು ನೀವು ಬರಬೇಕು, ನಾನು ಬಂದು ತಿಳಿಸ್ತೀನಿ. ಜಾಗದ ಕಾಗದ, ಆಧಾರ್, ಪಡಿತರ ಚೀಟಿ ತೆಗೆದಿಟ್ಟುಕೊಳ್ಳಿ. ಆದೇಶದ ಕಾಗದ ಕೈಗೆ ಬರೋವರೆಗೆ ಹಳೆ ಮನೆ ಮುಟ್ಟಬೇಡಿ." ಇದು ನಿರಾಕರಣೆಯೇ. ಆದರೆ ಇದರಲ್ಲಿ ಆಕೆ ಮುಂದೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಇದೆ. "ಇಲ್ಲ" ಎಂಬ ಉತ್ತರವನ್ನು ಕಾರಣ ಮತ್ತು ಮುಂದಿನ ದಾರಿಯೊಂದಿಗೆ ಹೇಳಿದಾಗ ಜನರು ಬೇಸರಪಡಬಹುದು, ಮೋಸಹೋದೆವೆಂದು ಭಾವಿಸುವುದಿಲ್ಲ.

ಕಚೇರಿಯ ಭಾಷೆಯಲ್ಲಿಯೂ ಇಂಥದೇ ಒಂದು ಪ್ರಯೋಗವಿದೆ: "ಕ್ರಮ ಕೈಗೊಳ್ಳಲಾಗುವುದು." ಈ ವಾಕ್ಯದಲ್ಲಿ ಕರ್ತೃವಿಲ್ಲ. ಅಧಿಕಾರಿಗಳು ಹೀಗೆ ಉತ್ತರಿಸಿದಾಗ, "ಯಾರು ಕೈಗೊಳ್ತಾರೆ ಸಾರ್, ಯಾವತ್ತಿನೊಳಗೆ?" ಎಂದು ವಿನಯದಿಂದಲೇ ಕೇಳುವುದು ಸದಸ್ಯರ ಹಕ್ಕು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.

6. ತಾಂತ್ರಿಕ ವಿಷಯವನ್ನು ಜನರ ಮಾತಿನಲ್ಲಿ ಹೇಳುವುದು

ಗ್ರಾಮ ಸಭೆಯಲ್ಲಿ ಸದಸ್ಯರು ಇಲಾಖೆಗೂ ಜನರಿಗೂ ನಡುವಿನ ಸೇತುವೆ. ಇಲಾಖೆಯ ವರದಿಯಲ್ಲಿರುವ ಪದವನ್ನು ಹಾಗೆಯೇ ಹೇಳಿದರೆ ಸೇತುವೆಯ ಒಂದು ಬದಿ ಮಾತ್ರ ಕಟ್ಟಿದಂತಾಗುತ್ತದೆ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಜಲಮೂಲವಿಲ್ಲದಿದ್ದಲ್ಲಿ ಗರಿಷ್ಠ 1.5 ಮಿಲಿಗ್ರಾಂ ಎಂಬುದು ಭಾರತೀಯ ಮಾನಕ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂತಹ ತಾಲ್ಲೂಕುಗಳ ಜನರಿಗೆ ಈ ಸಮಸ್ಯೆ ಹೊಸದಲ್ಲ. ಒಂದು ಕೊಳವೆಬಾವಿಯ ನೀರಿನಲ್ಲಿ ಈ ಮಿತಿ ಮೀರಿದೆಯೆಂದು ಪ್ರಯೋಗಾಲಯದ ವರದಿ ಬಂದಾಗ, "ಫ್ಲೋರೈಡ್ ಪ್ಯಾರಾಮೀಟರ್ ಜಾಸ್ತಿ ಬಂದಿದೆ" ಎಂದು ಗ್ರಾಮ ಸಭೆಯಲ್ಲಿ ಓದಿದರೆ ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ಕೆಲವರು ಗಾಬರಿಯಾಗುತ್ತಾರೆ. ಇನ್ನು ಕೆಲವರು "ಕುದಿಸಿ ಕುಡಿದರಾಯ್ತು" ಎಂದುಕೊಳ್ಳುತ್ತಾರೆ. ಎರಡನೆಯದು ಹೆಚ್ಚು ಅಪಾಯಕರ, ಏಕೆಂದರೆ ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಇಲ್ಲಿ ಜನರು ತಿಳಿಯಬೇಕಾದುದು ನಾಲ್ಕೇ ಸಂಗತಿ: ಯಾವ ನೀರು, ಯಾವುದಕ್ಕೆ ಬಳಸಬಾರದು, ಯಾವುದಕ್ಕೆ ಬಳಸಬಹುದು, ಬದಲಿ ನೀರು ಎಲ್ಲಿ. "ಶಾಲೆ ಹಿಂದಿನ ಕೊಳವೆಬಾವಿ ನೀರನ್ನ ಕುಡಿಯೋಕೆ, ಅಡುಗೆಗೆ ಬಳಸಬೇಡಿ. ಕುದಿಸಿದ್ರೂ ಸರಿಹೋಗಲ್ಲ. ಬಹಳ ಕಾಲ ಕುಡಿದ್ರೆ ಮಕ್ಕಳ ಹಲ್ಲು, ದೊಡ್ಡವರ ಮೂಳೆ ಕೆಡುತ್ತೆ. ಸ್ನಾನಕ್ಕೆ, ಬಟ್ಟೆ ಒಗೆಯೋಕೆ ತೊಂದರೆ ಇಲ್ಲ. ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ತನ್ನಿ." ಅಂಕಿಯನ್ನು ಬಿಡಬೇಕೆಂದಲ್ಲ, ಕೇಳಿದವರಿಗೆ ಅದನ್ನೂ ಹೇಳಬೇಕು. ಆದರೆ ಅಂಕಿಗೆ ಮುನ್ನ ಅದರ ಅರ್ಥ ಬರಬೇಕು.

ಹೇಳಿದ ಮೇಲೆ "ಗೊತ್ತಾಯ್ತಾ?" ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದರ ಬದಲು, "ಅಕ್ಕಾ, ಮನೇಲಿ ಇರೋರಿಗೆ ಇದನ್ನ ಏನಂತ ಹೇಳ್ತೀರಿ?" ಎಂದು ಒಬ್ಬಿಬ್ಬರನ್ನು ಕೇಳಿದರೆ ಮಾತು ಎಷ್ಟು ತಲುಪಿದೆ ಎಂಬುದು ಸ್ಪಷ್ಟವಾಗುತ್ತದೆ. ತಾಂಡಾ, ಹಾಡಿ, ಗಡಿಭಾಗದ ಗ್ರಾಮಗಳಲ್ಲಿ ಲಂಬಾಣಿ, ತೆಲುಗು, ಉರ್ದು, ಮರಾಠಿ, ತುಳು ಮಾತನಾಡುವ ಜನರಿದ್ದಾಗ ಅವರ ಭಾಷೆಯಲ್ಲಿ ಒಮ್ಮೆ ಹೇಳಿಸುವುದು ಮತ್ತು ಅವರ ಮಾತನ್ನು ಕನ್ನಡದಲ್ಲಿ ದಾಖಲಿಸುವುದು ಸಭೆಯ ಕೆಲಸವೇ ಆಗಿದೆ.

7. ಮೊದಲ ಬಾರಿ ಆಯ್ಕೆಯಾದವರು ಮತ್ತು ಮಹಿಳಾ ಸದಸ್ಯರು

ಸಂವಿಧಾನದ 73ನೇ ತಿದ್ದುಪಡಿಯು ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಭಾಗದ ಸ್ಥಾನಗಳನ್ನು ಮೀಸಲಿಟ್ಟಿತು. ಕರ್ನಾಟಕದಲ್ಲಿ ಆ ಪ್ರಮಾಣ ಅರ್ಧದಷ್ಟಾಗಿದೆ. ಸ್ಥಾನ ದೊರೆತಷ್ಟೇ ಸುಲಭವಾಗಿ ಮಾತಿನ ಅವಕಾಶ ದೊರೆತಿಲ್ಲವೆಂಬುದು ಸಭೆಗಳನ್ನು ಬಲ್ಲವರಿಗೆಲ್ಲ ತಿಳಿದ ಸಂಗತಿ. ಸದಸ್ಯೆಯ ಪತಿಯೋ ಮಗನೋ ಬಂದು ಅವರ ಪರವಾಗಿ ಮಾತನಾಡುವ ಅಭ್ಯಾಸ ಹಲವೆಡೆ ಉಳಿದಿದೆ. ಸಾಮಾನ್ಯ ಸಭೆಯಲ್ಲಿ ಚುನಾಯಿತ ಸದಸ್ಯರ ಬದಲಾಗಿ ಮಾತನಾಡುವ ಅಧಿಕಾರ ಬೇರೆ ಯಾರಿಗೂ ಇಲ್ಲ. ಹಾಗೆ ಮಾತನಾಡಲು ಬಿಟ್ಟರೆ, ಮತ ಹಾಕಿದ ಜನರ ಪ್ರತಿನಿಧಿ ಅಲ್ಲಿಯೇ ಕುಳಿತಿದ್ದರೂ ಸಭೆಗೆ ಗೈರುಹಾಜರಾದಂತೆಯೇ ಸರಿ.

ಮೊದಲ ಬಾರಿ ಮಾತನಾಡುವವರಿಗೆ ಮೂರು ಉಪಾಯಗಳು ನೆರವಾಗುತ್ತವೆ. ಒಂದು, ಸಭೆಯ ಆರಂಭದಲ್ಲಿಯೇ ಒಂದು ಚಿಕ್ಕ ಮಾತನ್ನಾಡುವುದು. ಹಿಂದಿನ ನಡವಳಿಯನ್ನು ದೃಢೀಕರಿಸುವಾಗ "ಮೂರನೇ ವಿಷಯ ಏನಾಯ್ತು?" ಎಂದು ಕೇಳಿದರೂ ಸಾಕು, ಸಭೆಯಲ್ಲಿ ಒಮ್ಮೆ ದನಿ ಹೊರಟ ಮೇಲೆ ಎರಡನೆಯ ಮಾತು ಸುಲಭವಾಗುತ್ತದೆ. ಎರಡು, ಬರೆದುಕೊಂಡ ಐದು ಸಾಲನ್ನು ಮನೆಯಲ್ಲಿ ಎರಡು ಬಾರಿ ಗಟ್ಟಿಯಾಗಿ ಓದುವುದು. ಮೂರು, ಇನ್ನೊಬ್ಬ ಸದಸ್ಯೆಯೊಂದಿಗೆ ಮೊದಲೇ ಮಾತನಾಡಿಕೊಂಡು ಬೆಂಬಲ ಪಡೆಯುವುದು. ಒಬ್ಬರ ಮಾತು ಮಧ್ಯದಲ್ಲಿ ತಡೆಯಲ್ಪಟ್ಟಾಗ ಇನ್ನೊಬ್ಬರು, "ಅಧ್ಯಕ್ಷರೇ, ಅವರ ಮಾತು ಮುಗಿದಿಲ್ಲ" ಎಂದರೆ ಸಭೆ ಮತ್ತೆ ಕೇಳುತ್ತದೆ.

ಪುಸ್ತಕದ ಕನ್ನಡದಲ್ಲಿಯೇ ಮಾತನಾಡಬೇಕೆಂಬ ಅಳುಕು ಅನಗತ್ಯ. ಕಲಬುರಗಿಯ ಮಾತಾಗಲಿ, ಕುಂದಾಪುರದ ಮಾತಾಗಲಿ, ಚಾಮರಾಜನಗರದ ಮಾತಾಗಲಿ, ಸಭೆಗೆ ಬೇಕಾದುದು ಸ್ಥಳ, ಸಂಖ್ಯೆ ಮತ್ತು ಕೋರಿಕೆ. ಅದನ್ನು ಕಚೇರಿಯ ಭಾಷೆಗೆ ತರುವುದು ನಡವಳಿ ಬರೆಯುವವರ ಕೆಲಸ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯು ಚುನಾಯಿತ ಪ್ರತಿನಿಧಿಗಳಿಗಾಗಿ ನಡೆಸುವ ತರಬೇತಿಗಳಿಗೆ ಸದಸ್ಯರು ಖುದ್ದಾಗಿ ಹಾಜರಾಗುವುದರಿಂದಲೂ ಈ ಅಳುಕು ಕಡಿಮೆಯಾಗುತ್ತದೆ.

8. ದೂರವಾಣಿ ಮತ್ತು ಕಚೇರಿ ಭೇಟಿ

ತಾಲ್ಲೂಕು ಪಂಚಾಯಿತಿ, ವಿದ್ಯುತ್ ಸರಬರಾಜು ಕಂಪನಿ, ತಹಶೀಲ್ದಾರರ ಕಚೇರಿ ಇವುಗಳೊಂದಿಗೆ ಸದಸ್ಯರ ಮಾತು ಬಹುಪಾಲು ದೂರವಾಣಿಯಲ್ಲಿ ನಡೆಯುತ್ತದೆ. ಮೊದಲ ವಾಕ್ಯದಲ್ಲಿಯೇ ಹೆಸರು, ಗ್ರಾಮ ಪಂಚಾಯಿತಿ ಮತ್ತು ವಿಷಯವನ್ನು ತಿಳಿಸಬೇಕು. ಈಗಾಗಲೇ ಅರ್ಜಿ ಸಲ್ಲಿಸಿದ್ದರೆ ಅದರ ದಿನಾಂಕ ಮತ್ತು ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡು ಕರೆ ಮಾಡಬೇಕು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸಂಖ್ಯೆಯುಳ್ಳ ಸ್ವೀಕೃತಿ ದೊರೆಯುತ್ತದೆ ಮತ್ತು ಸೇವೆಗೆ ಕಾಲಮಿತಿ ಇರುತ್ತದೆ. "ನಮ್ಮ ಊರಿನವರೊಬ್ಬರ ಅರ್ಜಿ ಏನಾಯ್ತು?" ಎಂದು ಕೇಳುವುದಕ್ಕೂ, ಸ್ವೀಕೃತಿ ಸಂಖ್ಯೆ ಹೇಳಿ "ಇದರ ಕಾಲಮಿತಿ ಮುಗಿದಿದೆ, ಈಗ ಯಾರ ಹಂತದಲ್ಲಿದೆ?" ಎಂದು ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಕರೆ ಮುಗಿಯುವ ಮುನ್ನ ಒಪ್ಪಿಕೊಂಡದ್ದನ್ನು ತಿರುಗಿ ಹೇಳಬೇಕು: "ಹಾಗಾದ್ರೆ ಗುರುವಾರ ಲೈನ್‌ಮನ್ ಬಂದು ಟ್ರಾನ್ಸ್‌ಫಾರ್ಮರ್ ನೋಡ್ತಾರೆ, ಸರಿನಾ ಸಾರ್?" ನಂತರ ದಿನಾಂಕ, ಮಾತನಾಡಿದವರ ಹುದ್ದೆ ಮತ್ತು ಅವರ ಉತ್ತರವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ ಫೋಟೊ ಮತ್ತು ಧ್ವನಿಸಂದೇಶಗಳು ತುರ್ತು ಮಾಹಿತಿಗೆ ಉಪಯುಕ್ತ. ಆದರೆ ಅವು ಅರ್ಜಿಯೂ ಅಲ್ಲ, ನಿರ್ಣಯವೂ ಅಲ್ಲ. ಮುಖ್ಯ ವಿಷಯವನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದನ್ನು ಬಿಡಬಾರದು.

9. ಕೇಳಿಸಿಕೊಳ್ಳುವುದು

ಗ್ರಾಮ ಸಭೆ ಮತ್ತು ವಾರ್ಡ್ ಸಭೆಗಳಲ್ಲಿ ಸದಸ್ಯರ ಮುಖ್ಯ ಕೆಲಸ ಮಾತನಾಡುವುದಕ್ಕಿಂತ ಕೇಳುವುದು. ಕೋಪದಿಂದ ಬಂದ ವ್ಯಕ್ತಿಯ ಮಾತನ್ನು ಮಧ್ಯದಲ್ಲಿ ತಡೆದರೆ ಆತ ಮೊದಲಿನಿಂದ ಮತ್ತೆ ಆರಂಭಿಸುತ್ತಾನೆ, ದನಿಯನ್ನೂ ಏರಿಸುತ್ತಾನೆ. ಪೂರ್ತಿ ಕೇಳಿ, "ನೀವು ಹೇಳಿದ್ದು ಇಷ್ಟು: ಎರಡು ತಿಂಗಳಿಂದ ಬೀದಿದೀಪ ಇಲ್ಲ, ಹೆಣ್ಣುಮಕ್ಕಳು ಸಂಜೆ ಹಾಲಿನ ಡೇರಿಗೆ ಹೋಗಿಬರೋಕೆ ಕಷ್ಟ ಆಗ್ತಿದೆ. ಸರಿನಾ?" ಎಂದು ಅವರದೇ ಮಾತನ್ನು ತಿರುಗಿ ಹೇಳಿದರೆ, ಅವರ ಮಾತು ತಲುಪಿದೆಯೆಂಬ ನಂಬಿಕೆ ಬರುತ್ತದೆ. ಕೋಪದ ಅರ್ಧ ಭಾಗ ಅಲ್ಲಿಯೇ ಇಳಿಯುತ್ತದೆ. ಅದೇ ವಾಕ್ಯ ನಡವಳಿಗೂ ಸಿದ್ಧವಾಗಿರುತ್ತದೆ.

ಯಾರ ಮಾತು ಕೇಳಿಬರುತ್ತಿಲ್ಲ ಎಂಬುದನ್ನೂ ಗಮನಿಸಬೇಕು. ಮುಂದಿನ ಸಾಲಿನ ನಾಲ್ವರೇ ಸಭೆಯನ್ನೆಲ್ಲ ಮಾತನಾಡಿ ಮುಗಿಸಿದರೆ, ಹಿಂದೆ ನಿಂತ ಮಹಿಳೆಯರು ಮತ್ತು ಕೂಲಿಕಾರರ ವಿಷಯ ದಾಖಲಾಗುವುದಿಲ್ಲ. ಧ್ವನಿವರ್ಧಕವನ್ನು ಅವರ ಬಳಿಗೆ ಒಯ್ಯುವುದು, "ಈ ಕಡೆಯಿಂದ ಯಾರೂ ಮಾತಾಡಿಲ್ಲ, ಒಬ್ಬರಾದ್ರೂ ಹೇಳಿ" ಎಂದು ಕೇಳುವುದು ಅಧ್ಯಕ್ಷರ ಮತ್ತು ಆ ವಾರ್ಡಿನ ಸದಸ್ಯರ ಹೊಣೆ.

10. ಆರಂಭಿಸುವ ಬಗೆ

ಈ ಎಲ್ಲ ಅಭ್ಯಾಸಗಳನ್ನು ಒಮ್ಮೆಗೇ ರೂಢಿಸಿಕೊಳ್ಳಲಾಗದು. ಮುಂದಿನ ಸಾಮಾನ್ಯ ಸಭೆಗೆ ಪ್ರತಿಯೊಬ್ಬ ಸದಸ್ಯರೂ ಒಂದೇ ಒಂದು ವಿಷಯವನ್ನು ಆರಿಸಿ, ಸ್ಥಳಕ್ಕೆ ಹೋಗಿ ನೋಡಿ, ಐದು ಸಾಲು ಬರೆದುಕೊಂಡು ಬಂದರೆ ಸಾಕು. ಅಧ್ಯಕ್ಷರು ಪ್ರತಿ ವಿಷಯದ ಕೊನೆಯಲ್ಲಿ ನಿರ್ಣಯವನ್ನು ಓದಿಸಬೇಕು. ಹಿಂದಿನ ಮೂರು ಸಭೆಗಳ ನಡವಳಿಯನ್ನು ತೆರೆದು, "ಚರ್ಚಿಸಲಾಯಿತು" ಮತ್ತು "ಸೂಕ್ತ ಕ್ರಮ" ಎಂಬ ಪದಗಳಲ್ಲಿ ಮುಗಿದಿರುವ ವಿಷಯಗಳು ಎಷ್ಟಿವೆ ಎಂದು ಎಣಿಸಿ ನೋಡುವುದು ಉತ್ತಮ ಆರಂಭವಾದೀತು. ಅವುಗಳಲ್ಲಿ ಇಂದಿಗೂ ಬಾಕಿಯಿರುವ ಪ್ರತಿಯೊಂದು ವಿಷಯಕ್ಕೂ ಸ್ಥಳ,  ಹೊಣೆಗಾರರು ಮತ್ತು ದಿನಾಂಕವನ್ನು ಸೇರಿಸಿ, ಅದನ್ನು ಮುಂದಿನ ಕಾರ್ಯಸೂಚಿಗೆ ತರಬೇಕು.